ಮದುವೆ ಮಾತುಕತೆಗೆ ಮುನ್ನ ಒಂದು ರಕ್ತ ಪರೀಕ್ಷೆ

ಹುಟ್ಟುವಾಗ ಮಗು ಆರೋಗ್ಯವಾಗಿಯೇ ಇರುತ್ತದೆ. ಆರು ತಿಂಗಳು ಕಳೆಯುತ್ತಿದ್ದಂತೆ ಬಿಳಿಚಿಕೊಳ್ಳತೊಡಗುತ್ತದೆ. ಹಾಲು ಬೇಡ, ಸದಾ ಅಳು, ತೂಕ ಏರುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ಕೆಲವರು ದೃಷ್ಟಿ ತಾಗಿದೆ ಎನ್ನುತ್ತಾರೆ. ಇನ್ನು ಕೆಲವರು, ಬಸುರಿಯಿದ್ದಾಗ ತಾಯಿ ಸರಿಯಾಗಿ ಉಣ್ಣಲಿಲ್ಲ ಎಂದು ಅವಳನ್ನೇ ದೂರುತ್ತಾರೆ. ಥಲಸ್ಸೇಮಿಯ ಇರುವ ಮಕ್ಕಳ ಎಷ್ಟೋ ಮನೆಗಳಲ್ಲಿ ಕಥೆ ಹೀಗೆಯೇ ಆರಂಭವಾಗುತ್ತದೆ. ಇದು ತಾಯಿಯ ತಪ್ಪಲ್ಲ. ತಂದೆ ತಾಯಿ ಇಬ್ಬರಿಂದಲೂ ಅರಿವಿಲ್ಲದೆಯೇ ಬಂದ ಬಳುವಳಿ.

ನಮ್ಮ ಜೀವಕೋಶಗಳಲ್ಲಿ 46 ವರ್ಣತಂತುಗಳಿವೆ. 23 ತಾಯಿಯಿಂದ, 23 ತಂದೆಯಿಂದ. ಅವುಗಳಲ್ಲಿರುವ ಜೀನ್‌ಗಳೇ ಮಗುವಿನ ಮೈಬಣ್ಣ, ಎತ್ತರ, ರಕ್ತದ ಗುಂಪು ಮುಂತಾದವುಗಳನ್ನು ರೂಪಿಸುತ್ತವೆ. ಹೆಚ್ಚಿನ ಜೀನ್‌ಗಳು ಜೋಡಿಯಾಗಿರುತ್ತವೆ. ಒಂದು ಕೆಟ್ಟರೂ ಇನ್ನೊಂದು ಕೆಲಸ ನಿಭಾಯಿಸುತ್ತದೆ. ಹಿಮೋಗ್ಲೋಬಿನ್ ತಯಾರಿಸುವ ಒಂದು ಜೀನ್‌ನಲ್ಲಿ ಹೀಗೆ ದೋಷವಿರುವವರನ್ನು ಥಲಸ್ಸೇಮಿಯ ವಾಹಕರು ಎನ್ನುತ್ತಾರೆ. ಅವರು ರೋಗಿಗಳಲ್ಲ. ಅಲ್ಪ ರಕ್ತಹೀನತೆ ಬಿಟ್ಟರೆ ಬೇರೆ ತೊಂದರೆಯಿರದ ಕಾರಣ, ತಾವು ವಾಹಕರೆಂಬುದೇ ಬಹಳಷ್ಟು ಮಂದಿಗೆ ತಿಳಿದಿರುವುದಿಲ್ಲ.

ವಾಹಕರಿಬ್ಬರು ಮದುವೆಯಾದಾಗ ಸಮಸ್ಯೆ ಎದುರಾಗುತ್ತದೆ. ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ. 25, ವಾಹಕವಾಗುವ ಸಾಧ್ಯತೆ ಶೇ. 50, ಎರಡೂ ಇಲ್ಲದಿರುವ ಸಾಧ್ಯತೆ ಶೇ. 25. ಮೊದಲ ಮಗುವಿಗೆ ಬಂತು, ಇನ್ನು ಮೂವರಿಗೆ ಬರುವುದಿಲ್ಲ ಎಂದು ಲೆಕ್ಕ ಹಾಕುವಂತಿಲ್ಲ. ಪ್ರತಿ ಸಲವೂ ಲೆಕ್ಕ ಹೊಸದು.

ಅತ್ತೆಯ ಮಗ, ಮಾವನ ಮಗಳು, ಚಿಕ್ಕಪ್ಪನ ಮಗಳು ಎಂದು ಸಂಬಂಧ ಬೆಳೆಸುವುದು ನಮ್ಮಲ್ಲಿ ಇದೆ. ಕರ್ನಾಟಕದ ಇತರ ಸಮುದಾಯಗಳಲ್ಲೂ ರಕ್ತಸಂಬಂಧದ ಮದುವೆಗಳಿವೆ. ಅಜ್ಜ ಅಜ್ಜಿ ಒಬ್ಬರೇ ಆದ್ದರಿಂದ ಇಂಥ ಜೋಡಿಯ ಜೀನ್‌ಗಳಲ್ಲಿ ಸರಾಸರಿ ಎಂಟನೇ ಒಂದು ಭಾಗ ಸಮಾನವಾಗಿರುತ್ತದೆ. ಆದ್ದರಿಂದ ಅಡಗಿರುವ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಹಾಗೆಂದು ಇಂಥ ದಂಪತಿಗಳ ಮಕ್ಕಳೆಲ್ಲ ರೋಗಿಗಳಾಗುವುದಿಲ್ಲ, ಬಹುಪಾಲು ಮಕ್ಕಳು ಆರೋಗ್ಯವಂತರೇ. ಹೊರಗಿನ ಸಂಬಂಧವಾದರೆ ಅಪಾಯವೇ ಇಲ್ಲ ಎಂದೂ ಅಲ್ಲ.

ರೋಗ ತೀವ್ರವಾಗಿದ್ದರೆ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಬೇಕು. ಪದೇ ಪದೇ ರಕ್ತ ಪಡೆಯುವುದರಿಂದ ಹೃದಯ, ಯಕೃತ್ತುಗಳಲ್ಲಿ ಕಬ್ಬಿಣಾಂಶ ಶೇಖರವಾಗುತ್ತದೆ. ಅದನ್ನು ಹೊರಹಾಕಲು ಔಷಧಿ ಬೇಕು. ಹೊಂದಿಕೆಯಾಗುವ ಸಹೋದರ ಅಥವಾ ಸಹೋದರಿಯಿದ್ದರೆ ಅಸ್ಥಿಮಜ್ಜೆ ಕಸಿಯಿಂದ ಗುಣವಾಗುವ ಅವಕಾಶವಿದೆ. ಸರಿಯಾದ ಚಿಕಿತ್ಸೆ ಸಿಕ್ಕ ಮಕ್ಕಳು ಓದುತ್ತಾರೆ, ದುಡಿಯುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯವೂ ಸೇರಿದೆ ಎಂಬುದನ್ನು ಪೋಷಕರು ತಿಳಿದಿರಬೇಕು.

ವಾಹಕರನ್ನು ಗುರುತಿಸುವುದು ಕಷ್ಟವಲ್ಲ. ರಕ್ತಕಣಗಳ ಸಂಪೂರ್ಣ ಎಣಿಕೆ ಮತ್ತು ಎಚ್‌ಪಿಎಲ್‌ಸಿ ಪರೀಕ್ಷೆ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದವರು ಈ ಬಗ್ಗೆ ವೈದ್ಯರಲ್ಲಿ ಕೇಳಲೇಬೇಕು.

ಸೌದಿ ಅರೇಬಿಯಾದಲ್ಲಿ 2004ರಿಂದ ವಿವಾಹಪೂರ್ವ ಪರೀಕ್ಷೆ ಕಡ್ಡಾಯ. ಇರಾನಿನಲ್ಲಿ 1997ರಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ ಮೊದಲು ಪರೀಕ್ಷೆಗೊಳಗಾಗುವವನು ವರ. ಅವನಲ್ಲಿ ದೋಷದ ಸುಳಿವು ಕಂಡರೆ ಮಾತ್ರ ವಧುವಿಗೆ ಪರೀಕ್ಷೆ. ಈ ಕ್ರಮ ನಮಗೂ ಒಳ್ಳೆಯದು. ಹೆಣ್ಣಿನ ಮೇಲೆ ಸುಮ್ಮನೆ ಕಳಂಕ ಬರುವುದಿಲ್ಲ.

ನಿಶ್ಚಿತಾರ್ಥ ಮುಗಿದು ನಿಕಾಹ್‌ಗೆ ದಿನ ಗೊತ್ತಾದ ಮೇಲೆ ವರದಿ ಕೈಗೆ ಬಂದರೆ ಎರಡು ಮನೆಗಳಿಗೂ ನೋವು. ಆದ್ದರಿಂದ ಮಾತುಕತೆಗೆ ಮೊದಲೇ ಪರೀಕ್ಷೆಯಾಗಲಿ. ಒಬ್ಬರು ಮಾತ್ರ ವಾಹಕರಾದರೆ ಮದುವೆಗೆ ಅಡ್ಡಿಯಿಲ್ಲ. ಈಗಾಗಲೇ ಮದುವೆಯಾಗಿರುವ ವಾಹಕ ದಂಪತಿ ಗರ್ಭ ಧರಿಸುವ ಮೊದಲೇ ತಜ್ಞರನ್ನು ಕಾಣಲಿ. ಇನ್ನು, ಮನೆಯಲ್ಲಿ ಅಂಥ ಮಗುವಿದ್ದರೆ ತಾಯಿಯನ್ನು ದೂರುವುದು ಬಿಟ್ಟು, ಮುಂದಿನ ಬಾರಿ ರಕ್ತ ಹಾಕಿಸುವ ದಿನ ಅವಳ ಜೊತೆ ಆಸ್ಪತ್ರೆಗೆ ಹೋಗಿ.