ಹೆಗಲ ಮೇಲಿನ ಕೈ

ಸಂಘಟನೆಗಳ ಚರಿತ್ರೆ ಬರೆಯುವವರು ಠರಾವು, ಮನವಿಪತ್ರ, ಕೋರ್ಟಿನ ತೀರ್ಪುಗಳನ್ನು ದಾಖಲಿಸುತ್ತಾರೆ. ಯಾರು ಯಾರ ಮನೆಯಲ್ಲಿ ಉಂಡರು, ಕೊನೆಯ ಬಸ್ಸು ತಪ್ಪಿಸಿಕೊಂಡವರಿಗೆ ಯಾರು ಚಾಪೆ ಹಾಸಿಕೊಟ್ಟರು ಎಂಬುದು ಯಾವ ನಡಾವಳಿ ಪುಸ್ತಕದಲ್ಲೂ ಇರುವುದಿಲ್ಲ. ಅಂಧರ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆಗಳು ದಶಕಗಟ್ಟಲೆ ಉಳಿದುಬಂದಿರುವುದು ಬಹುಮಟ್ಟಿಗೆ ಇಂಥ ದಾಖಲಾಗದ ಸ್ನೇಹಗಳಿಂದ. ಬೆಂಗಳೂರಿನಲ್ಲಿ ಅಂಥ ಒಂದು ಸಂಘಟನೆಯ ಗೆಳೆಯರಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪತ್ರ, ಪುಸ್ತಕ, ಸುತ್ತೋಲೆಗಳನ್ನು ಓದಿ ಹೇಳುತ್ತ ಬಂದಿರುವ ನನಗೆ ಹೀಗನ್ನಿಸಿದೆ.

ಇದಕ್ಕೆ ಅಮೆರಿಕದ ‘ನ್ಯಾಷನಲ್ ಫೆಡರೇಷನ್ ಆಫ್ ದಿ ಬ್ಲೈಂಡ್’ ಸಂಸ್ಥೆಯ ಚರಿತ್ರೆ ಒಳ್ಳೆಯ ನಿದರ್ಶನ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಅಂಧರ ಶಾಲೆಯಲ್ಲಿ ನ್ಯೂವೆಲ್ ಪೆರಿ ಎಂಬ ಗಣಿತದ ಅಧ್ಯಾಪಕರಿದ್ದರು. ಸ್ವತಃ ಅಂಧರಾದ ಅವರು ಜರ್ಮನಿಯ ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಪಡೆದವರು. ಅಷ್ಟಾಗಿಯೂ ಅವರು ಬಯಸಿದ ವಿಶ್ವವಿದ್ಯಾಲಯದ ಹುದ್ದೆ ದಕ್ಕಲಿಲ್ಲ. ತಮಗೆ ಮುಚ್ಚಿದ ಬಾಗಿಲನ್ನು ಶಿಷ್ಯರಿಗಾದರೂ ತೆರೆಸಬೇಕೆಂದು ಅವರನ್ನು ಕಾಲೇಜುಗಳಿಗೆ ಕಳಿಸಿದರು. ಆ ಶಿಷ್ಯರಲ್ಲೊಬ್ಬರು ಜೇಕಬಸ್ ಟೆನ್‌ಬ್ರೂಕ್. 1940ರ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿ ಎಂಬ ಊರಿನಲ್ಲಿ ಏಳು ರಾಜ್ಯಗಳ 16 ಜನ ಸೇರಿ ಫೆಡರೇಷನ್ ಸ್ಥಾಪಿಸಿದಾಗ ಟೆನ್‌ಬ್ರೂಕ್ ಅದರ ಮೊದಲ ಅಧ್ಯಕ್ಷರಾದರು. ಅಂಧರ ಪರವಾಗಿ ಅಂಧರೇ ಮಾತನಾಡಬೇಕೆಂಬುದು ಅದರ ನಿಲುವು. ಗುರುಶಿಷ್ಯರ ಆ ನಂಟು 1961ರಲ್ಲಿ ಪೆರಿ ತೀರಿಕೊಳ್ಳುವವರೆಗೂ ಉಳಿಯಿತು. ಟೆನ್‌ಬ್ರೂಕ್ 1968ರಲ್ಲಿ ನಿಧನರಾದಾಗ ಹೊಣೆ ಹೊತ್ತವರು ಅವರೊಡನೆ ವರ್ಷಗಳ ಕಾಲ ದುಡಿದಿದ್ದ ಕೆನೆತ್ ಜರ್ನಿಗನ್. ಜರ್ನಿಗನ್ ಅವರ ನಂತರ 1986ರಲ್ಲಿ ಬಂದ ಮಾರ್ಕ್ ಮೌರರ್, ಅಯೋವಾದಲ್ಲಿ ಅವರದೇ ಕೈಯಲ್ಲಿ ತರಬೇತಾದವರು.

ಇಷ್ಟನ್ನೇ ಹೇಳಿದರೆ ಕಥೆ ತೀರಾ ಸಿಹಿಯಾದೀತು. ಪೆರಿ ನಿಧನರಾದ 1961ರಲ್ಲೇ ಒಳಜಗಳದಿಂದ ಫೆಡರೇಷನ್ ಒಡೆಯಿತು. ಹೊರನಡೆದವರು ‘ಅಮೆರಿಕನ್ ಕೌನ್ಸಿಲ್ ಆಫ್ ದಿ ಬ್ಲೈಂಡ್’ ಕಟ್ಟಿದರು. ಸಂಘಟನೆಯಲ್ಲಿ ಬೆಳೆದ ಸ್ನೇಹ ಮುರಿದರೆ ಗೆಳೆಯನ ಜೊತೆಗೆ ಆಸರೆಯೂ ಕೈಬಿಟ್ಟುಹೋಗುತ್ತದೆ. ಅದರ ನೋವು ದುಪ್ಪಟ್ಟು. ಆದರೂ ಅಂಧರಿಗೆ ಓದಲು ಬರುವ ರೂಪದ ಪುಸ್ತಕಗಳು ದೇಶದಿಂದ ದೇಶಕ್ಕೆ ಸಾಗಲು ಅನುವು ಮಾಡಿದ 2013ರ ಮರಕ್ಕೆಷ್ ಒಪ್ಪಂದವನ್ನು ಈ ಎರಡೂ ಸಂಸ್ಥೆಗಳು ಬೆಂಬಲಿಸಿದವು. ಒಡೆದ ಮನೆಗಳ ನಡುವೆಯೂ ಬಾವಿ ಒಂದೇ ಇರಬಲ್ಲದು.

ನಮ್ಮಲ್ಲಿಯೂ ಅದೇ ಹೆಸರಿನ ಪ್ರತ್ಯೇಕ ಸಂಘಟನೆ 1970ರಲ್ಲಿ ಹುಟ್ಟಿತು. ನಾಗರಿಕ ಸೇವಾ ಪರೀಕ್ಷೆಯನ್ನು ಬ್ರೈಲ್‌ನಲ್ಲಿ ಇಲ್ಲವೇ ಬರೆದುಕೊಡುವವರ ನೆರವಿನಿಂದ ಬರೆಯಲು 1993ರಲ್ಲಿ ಸುಪ್ರೀಂ ಕೋರ್ಟಿನಿಂದ ಅವಕಾಶ ಪಡೆದದ್ದು ಈ ಸಂಘಟನೆಯೇ. ಅಂಗವಿಕಲರಿಗೆ ಸರ್ಕಾರಿ ನೌಕರಿಯಲ್ಲಿ ಶೇ 3ರಷ್ಟು ಮೀಸಲಾತಿ ಕೊಟ್ಟ ಕಾಯ್ದೆ 1995ರದು. ಗುರುತಿಸಿದ ಕೆಲವು ಹುದ್ದೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಸಾಲದು, ವೃಂದದ ಒಟ್ಟು ಖಾಲಿ ಹುದ್ದೆಗಳ ಮೇಲೆ ಈ ಪ್ರಮಾಣ ಲೆಕ್ಕ ಹಾಕಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರ ಅಕ್ಟೋಬರ್ 8ರಂದು. ಒಕ್ಕೂಟದ ಪರ ವಾದಿಸಿದವರು ಸ್ವತಃ ದೃಷ್ಟಿಯಿಲ್ಲದ ವಕೀಲ ಎಸ್.ಕೆ. ರುಂಗ್ಟಾ.

ಕಾಯ್ದೆಗೂ ತೀರ್ಪಿಗೂ ನಡುವೆ ಹದಿನೆಂಟು ವರ್ಷ. ಈ ಅವಧಿಯಲ್ಲಿ ಎಷ್ಟೋ ಜನರ ನೇಮಕಾತಿಯ ವಯಸ್ಸೇ ಮೀರಿಹೋಯಿತು. ನನ್ನ ಗೆಳೆಯರೊಬ್ಬರು ಅಂಥವರು. ಧರಣಿಗೆ ಕರೆ ಬಂದಾಗಲೆಲ್ಲ ಹೋಗಿ ಕೂತವರು. ತೀರ್ಪು ಬಂದ ವಾರ ನನ್ನಿಂದ ಅದನ್ನು ಪೂರ್ತಿ ಓದಿಸಿಕೊಂಡು, ‘ಇದು ನನ್ನ ಉಪಯೋಗಕ್ಕೆ ಬರಲ್ಲ ಸಾರ್, ನಮ್ಮ ಹಾಸ್ಟೆಲ್ ಹುಡುಗರಿಗೆ ಬರುತ್ತೆ’ ಎಂದರು. ತನಗೆ ದಕ್ಕದ ಫಲಕ್ಕಾಗಿ ಅಷ್ಟು ಕಾಲ ಒಬ್ಬ ಮನುಷ್ಯ ದುಡಿಯಬೇಕಾದರೆ ತತ್ವನಿಷ್ಠೆಯೊಂದೇ ಸಾಲದು. ಆ ಹುಡುಗರ ಹೆಸರು, ದನಿ, ಊರು ಗೊತ್ತಿರಬೇಕು. 2016ರ ಹೊಸ ಕಾಯ್ದೆ ಮೀಸಲಾತಿಯನ್ನು ಶೇ 4ಕ್ಕೆ ಏರಿಸಿದ ಮೇಲೂ ಅವರ ಓಡಾಟ ನಿಲ್ಲಲಿಲ್ಲ.

ಮೆಜೆಸ್ಟಿಕ್‌ನಲ್ಲಿ ಅಂಧರು ಮುಂದಿನವರ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ನಡೆಯುವುದನ್ನು ಓದುಗರು ಕಂಡಿರಬಹುದು. ನೋಡಿದವರಿಗೆ ಕನಿಕರ ಉಕ್ಕುತ್ತದೆ. ಆ ಸಾಲಿನ ಲೆಕ್ಕಾಚಾರ ನನಗೆ ತಿಳಿದದ್ದು ಅವರೊಡನೆ ನಡೆದ ಮೇಲೆ. ದಾರಿ ಬಲ್ಲವನು ಮುಂದೆ. ಬೇರೆ ಬಡಾವಣೆಗೆ ಹೊರಳಿದೊಡನೆ, ಅಲ್ಲಿ ಬಾಡಿಗೆಗಿದ್ದವನು ಮುಂದೆ ಬರುತ್ತಾನೆ, ಇವನು ಹಿಂದಕ್ಕೆ ಸರಿಯುತ್ತಾನೆ. ಸದಾ ಕೊಡುವವನು ಅಲ್ಲಿಲ್ಲ, ಸದಾ ಪಡೆಯುವವನೂ ಇಲ್ಲ. ಇವರ ಸ್ನೇಹ ಬಾಳಿಕೆ ಬರುವುದಕ್ಕೆ ಇದೇ ಕಾರಣವಿರಬೇಕು.

ಇಂಥ ಗಾಢ ಸ್ನೇಹಕ್ಕೆ ಅಪಾಯವೂ ಉಂಟು. ನಮ್ಮವನೆಂಬ ಅಭಿಮಾನ ನಮ್ಮವನ ತಪ್ಪನ್ನು ಮುಚ್ಚಬಲ್ಲದು. 2020ರ ಕೊನೆಯಲ್ಲಿ ಅಮೆರಿಕದ ಫೆಡರೇಷನ್ನಿನ ಒಳಗಿನವರೇ ಲೈಂಗಿಕ ದೌರ್ಜನ್ಯದ ದೂರುಗಳನ್ನು ಬಹಿರಂಗವಾಗಿ ಎತ್ತಿದರು. ಅಧ್ಯಕ್ಷ ಮಾರ್ಕ್ ರಿಕ್ಕೊಬೊನೊ ಬಹಿರಂಗ ಪತ್ರದಲ್ಲಿ ಕ್ಷಮೆ ಕೇಳಬೇಕಾಯಿತು. ಅನ್ಯಾಯವಾದವರು ಬಾಯಿಬಿಟ್ಟಾಗ ಅವರನ್ನು ದ್ರೋಹಿಗಳೆನ್ನುವ ಗೆಳೆತನ ಎಷ್ಟು ಹಳೆಯದಾದರೇನು? ಕಹಿಯಾದ ಮಾತನ್ನು ತಾಳಿಕೊಳ್ಳಬಲ್ಲ ಸ್ನೇಹಕ್ಕೆ ಮಾತ್ರ ಸಂಘಟನೆಯನ್ನು ಹೊರುವ ಶಕ್ತಿಯಿರುತ್ತದೆ.

ಕಂಪ್ಯೂಟರು, ಮೊಬೈಲುಗಳು ಮಾತಾಡತೊಡಗಿದ ಮೇಲೆ ನನ್ನ ಓದುವ ಕೆಲಸ ಕಡಿಮೆಯಾಗಿದೆ. ಭೇಟಿಗಳು ಕಡಿಮೆಯಾಗಿಲ್ಲ. ನನ್ನ ಎರಡೂ ಕಣ್ಣಿಗೆ ಗ್ಲಾಕೋಮಾ ತಗುಲಿ, ದೃಷ್ಟಿಯ ಅಂಚುಗಳು ಕರಗುತ್ತಿವೆ. ವೈದ್ಯರು ಹನಿ ಔಷಧ ಬರೆದುಕೊಟ್ಟರು. ಇನ್ನು ಬದುಕುವುದು ಹೇಗೆಂದು ಹೇಳಿಕೊಟ್ಟವರು ಆ ಧರಣಿಯ ಗೆಳೆಯರು. ಫೋನಿನ ಮಾತನ್ನು ಕಿವಿಗೊಟ್ಟು ಹಿಂಬಾಲಿಸುವುದು, ಮೆಟ್ಟಿಲನ್ನು ಪಾದದಿಂದ ಅಳೆಯುವುದು, ಸಹಾಯವನ್ನು ಸಂಕೋಚವಿಲ್ಲದೆ ಕೇಳುವುದು, ಬೇಡವಾದಾಗ ಬೇಡವೆನ್ನುವುದು: ಇವೆಲ್ಲ ಅವರ ಪಾಠ. ಕಲಿಸುವಾಗ ಅವರ ದನಿಯಲ್ಲಿ ಮರುಕವಿರಲಿಲ್ಲ. ತಪ್ಪಿದಾಗ ಗದರಿದ್ದೂ ಉಂಟು.

ಮಕ್ಕಳ ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯತಿಥಿಗೋ ಅಂಧರ ವಸತಿನಿಲಯಗಳಲ್ಲಿ ಊಟ ಹಾಕಿಸುವ ಒಳ್ಳೆಯ ರೂಢಿ ನಮ್ಮ ನಗರದ ಮಧ್ಯಮ ವರ್ಗದಲ್ಲಿದೆ. ಹಣ ಕಟ್ಟುತ್ತೇವೆ, ಬಡಿಸುತ್ತೇವೆ, ಫೋಟೊ ತೆಗೆಸಿಕೊಂಡು ಹಿಂತಿರುಗುತ್ತೇವೆ. ಮುಂದಿನ ಸಲ ಅದೇ ಪಂಕ್ತಿಯಲ್ಲಿ ಕೂತು ಉಣ್ಣೋಣ. ಪಕ್ಕದ ಹುಡುಗ ಏನು ಓದುತ್ತಿದ್ದಾನೆ, ಯಾವುದಕ್ಕೆ ಅರ್ಜಿ ಹಾಕಿದ್ದಾನೆ ಎಂದು ಕೇಳಿ, ಅವನ ಫೋನ್ ನಂಬರು ಪಡೆದು ಬರೋಣ. ತಿಂಗಳು ಕಳೆದ ಮೇಲೆ ಒಮ್ಮೆ ಕರೆ ಮಾಡಿದರೆ, ದಾನಕ್ಕೆ ಸಾಧ್ಯವಾಗದ್ದು ಅಲ್ಲಿಂದ ಶುರುವಾಗಬಹುದು.