ಮೊದಲ ಮಳೆಗೆ ಬೇರೆ ದಾರಿ

ಭರಣಿ ಮಳೆಯ ಹನಿ ಬೀಳುವ ಹೊತ್ತಿಗೆ ಬೆಂಗಳೂರಿನ ತಾರಸಿಗಳ ಮೇಲೆ ತಿಂಗಳುಗಟ್ಟಲೆಯ ದೂಳು ಕೂತಿರುತ್ತದೆ. ಪಾರಿವಾಳದ ಹಿಕ್ಕೆ, ತರಗೆಲೆ, ವಾಹನಗಳ ಮಸಿ ಬೇರೆ. ಮೋಡದಿಂದ ಹೊರಟ ನೀರು ಹೆಚ್ಚಿನ ಕೊಳೆ ಅಂಟಿಸಿಕೊಳ್ಳುವುದು ಇಲ್ಲಿಯೇ. ಹಾಗಾಗಿ ಮಳೆಕೊಯ್ಲಿನಲ್ಲಿ ನನಗೆ ಟ್ಯಾಂಕಿಗಿಂತ ಮುಖ್ಯವಾಗಿ ಕಾಣುವುದು ಅದಕ್ಕೂ ಮೊದಲು ನಿಲ್ಲುವ ಒಂದು ಸಾದಾ ಕೊಳವೆ.

ತಾರಸಿಯಿಂದ ಇಳಿದ ಪೈಪು ಟ್ಯಾಂಕಿನ ಕಡೆ ತಿರುಗುವ ಜಾಗದಲ್ಲಿ ಒಂದು ಕವಲು ಕೊಟ್ಟು ನೆಟ್ಟಗೆ ಕೆಳಕ್ಕೆ ಇಳಿಬಿಡುತ್ತಾರೆ. ಸಣ್ಣ ತೂತೊಂದನ್ನು ಬಿಟ್ಟರೆ ಅದರ ತಳ ಮುಚ್ಚಿರುತ್ತದೆ. ಒಳಗೊಂದು ತೇಲುವ ಚೆಂಡು. ಮೊದಲು ಬಂದ ಕೊಳೆನೀರೆಲ್ಲ ಇದರೊಳಕ್ಕೆ ಧುಮುಕುತ್ತದೆ. ನೀರು ಏರಿದಂತೆ ಚೆಂಡೂ ಏರಿ, ಮೇಲಿನ ಕಿರುಬಾಯಿಗೆ ಬಿರಡೆಯಂತೆ ಕೂರುತ್ತದೆ. ಆಮೇಲೆ ಬಂದ ನೀರಿಗೆ ಟ್ಯಾಂಕಿನ ದಾರಿಯೊಂದೇ. ಮಳೆ ನಿಂತ ಮೇಲೆ ತಳದ ಸಣ್ಣ ತೂತಿನಿಂದ ಕೊಳೆನೀರು ತೊಟ್ಟಿಕ್ಕಿ ದಾಸವಾಳದ ಬುಡ ಸೇರುತ್ತದೆ, ಚೆಂಡು ಕೆಳಗಿಳಿಯುತ್ತದೆ. ಕರೆಂಟಿನ ಹಂಗೇ ಇಲ್ಲ.

ಎಡವುವುದು ಅಳತೆಯಲ್ಲಿ. 1 ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ತಾರಸಿಯ ಮೊದಲ 1 ಮಿ.ಮೀ. ಮಳೆಯನ್ನು ಬಿಡಬೇಕೆಂದರೆ 100 ಲೀಟರಿಗೆ ಜಾಗ ಬೇಕು. 4 ಇಂಚಿನ ಪೈಪು ಮೀಟರಿಗೆ ಹಿಡಿಯುವುದು ಸುಮಾರು 8 ಲೀಟರ್. ಮೂರು ಮೀಟರ್ ಇಳಿಬಿಟ್ಟರೂ 24ಕ್ಕೆ ಮುಗಿಯಿತು! ಬುಡಕ್ಕೊಂದು ಡ್ರಮ್ಮು ಜೋಡಿಸಿದರೆ ಲೆಕ್ಕ ಸರಿಹೋಗುತ್ತದೆ. ಅಷ್ಟು ನೀರು ಹೋಯಿತೆಂದು ಮರುಗಬೇಕಿಲ್ಲ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ.; ಅದೇ ತಾರಸಿಯ ಮೇಲೆ ವರ್ಷಕ್ಕೆ 97,000 ಲೀಟರ್ ಸುರಿಯುತ್ತದೆ. ವಿಜಯನಗರದ ತಮ್ಮ ಮನೆಯಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ 1990ರ ದಶಕದಿಂದ ಮಳೆನೀರಿನಲ್ಲೇ ಸಂಸಾರ ನಡೆಸಿ ತೋರಿಸಿದ್ದಾರೆ.

ಟ್ಯಾಂಕಿನೊಳಗೆ ಕತ್ತಲಿರಬೇಕು, ಬೆಳಕಿಲ್ಲದಿದ್ದರೆ ಪಾಚಿ ಬೆಳೆಯದು. ಬಾಯಿಗೆ ಸೊಳ್ಳೆ ನುಸುಳದ ಜಾಲರಿ. ಕುಡಿಯಲಾದರೆ ಸೋಸಿ ಕುದಿಸಿಯೇ ಬಳಸಬೇಕು.

ಈ ನೀರಿನ ಗುಣ ಗೊತ್ತಾಗುವುದು ಅಡುಗೆಮನೆಯಲ್ಲಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಮಳೆನೀರಿನಲ್ಲಿ ಆ ತೊಡಕಿಲ್ಲ. ತೊಗರಿಬೇಳೆ ಬೇಗ ಕರಗಿ ಬೇಯುತ್ತದೆ.

ಯುಗಾದಿಯ ಆಸುಪಾಸಿನಲ್ಲಿ ಒಮ್ಮೆ ಕೊಳವೆಯ ತಳದ ಮುಚ್ಚಳ ತಿರುಗಿಸಿ ನೋಡಿ. ಎಲೆಚೂರು ಸಿಕ್ಕಿ ಆ ಸಣ್ಣ ತೂತು ಕಟ್ಟಿಕೊಂಡಿದ್ದರೆ, ಹೋದ ವರ್ಷದ ನೀರು ತುಂಬಿದ ಹಾಗೇ ನಿಂತಿರುತ್ತದೆ, ಚೆಂಡು ಮೇಲೆಯೇ ಕೂತಿರುತ್ತದೆ. ಈ ಸಲದ ಕೊಳೆಯೆಲ್ಲ ನೇರ ಟ್ಯಾಂಕಿಗೆ.