ಅಳಿಸಲಾಗದ ಪಹಣಿ, ಅಳಿಸಲೇಬೇಕಾದ ತಪ್ಪು

ಕೆಲವು ತಿಂಗಳ ಹಿಂದೆ ಹಳೆಯ ಮೈಸೂರು ಸೀಮೆಯ ಎಂಜಿನಿಯರಿಂಗ್ ಕಾಲೇಜೊಂದು ವಿದ್ಯಾರ್ಥಿಗಳಿಗಾಗಿ 36 ಗಂಟೆಗಳ ಹ್ಯಾಕಥಾನ್ ಏರ್ಪಡಿಸಿ, ತೀರ್ಪುಗಾರರಲ್ಲಿ ಒಬ್ಬನಾಗಿ ನನ್ನನ್ನೂ ಆಹ್ವಾನಿಸಿತ್ತು. ವಿಷಯ: ಮುಕ್ತ ತಂತ್ರಾಂಶದ ಬ್ಲಾಕ್‌ಚೈನ್. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಸೇವಾವಧಿಯ ಬಹುಪಾಲನ್ನು ಕಂದಾಯ ಇಲಾಖೆಯ ಕಡತಗಳ ನಡುವೆ ಕಳೆದ ನನಗೂ ಬ್ಲಾಕ್‌ಚೈನಿಗೂ ಎಲ್ಲಿಯ ಸಂಬಂಧ ಎಂದು ಸಂಘಟಕರನ್ನೇ ಕೇಳಿದೆ. ‘ಅರ್ಧದಷ್ಟು ತಂಡಗಳು ಭೂದಾಖಲೆಯನ್ನೇ ಆರಿಸಿಕೊಂಡಿವೆ ಸರ್. ಪಹಣಿ ಗೊತ್ತಿರುವವರು ಒಬ್ಬರಾದರೂ ಬೇಕಲ್ಲವೇ?’ ಎಂದರು. ಒಪ್ಪಿಕೊಂಡೆ.

ಹ್ಯಾಕಥಾನ್ ಎಂಬ ಹೆಸರು ಕೇಳಿದೊಡನೆ ನನ್ನ ವಯಸ್ಸಿನವರು ಬೆಚ್ಚಿಬೀಳುವುದುಂಟು. ಇಲ್ಲಿ ಹ್ಯಾಕ್ ಎಂದರೆ ಕನ್ನ ಹಾಕುವುದಲ್ಲ; ಪಟ್ಟುಹಿಡಿದು ಕುಳಿತು ತಂತ್ರಾಂಶ ಬರೆಯುವುದು. 1999ರ ಜೂನ್ ತಿಂಗಳಲ್ಲಿ ಓಪನ್‌ಬಿಎಸ್‌ಡಿ ಎಂಬ ಮುಕ್ತ ತಂತ್ರಾಂಶದ ಹತ್ತು ಮಂದಿ ಕೆಲಸಗಾರರು ಕೆನಡಾದ ಕ್ಯಾಲ್ಗರಿಯಲ್ಲಿ ಸೇರಿದಾಗ ಈ ಪದ ಚಲಾವಣೆಗೆ ಬಂತು. ಅವರು ಕೆನಡಾದಲ್ಲಿ ಸೇರಿದ್ದಕ್ಕೂ ಕಾರಣವಿತ್ತು. ಗೂಢಲಿಪಿಯ ತಂತ್ರಾಂಶವನ್ನು ರಫ್ತು ಮಾಡುವುದಕ್ಕೆ ಅಮೆರಿಕದ ಕಾನೂನು ಆಗ ಕಟ್ಟುನಿಟ್ಟಿನ ನಿರ್ಬಂಧ ಹೇರಿತ್ತು. ಮುಕ್ತ ತಂತ್ರಾಂಶ, ಗೂಢಲಿಪಿ, ಸರ್ಕಾರದ ಮೇಲಿನ ಅನುಮಾನ, ಈ ಮೂರೂ ಹ್ಯಾಕಥಾನಿನ ಹುಟ್ಟಿನಲ್ಲಿಯೇ ಇದ್ದವೆನ್ನಬೇಕು. ನಮ್ಮಲ್ಲಿ ಕೇಂದ್ರ ಸರ್ಕಾರವೇ 2017ರಲ್ಲಿ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಆರಂಭಿಸಿತು. 2018ರಲ್ಲಿ ಬೆಂಗಳೂರಿನಲ್ಲಿ ಮೊದಲ ಈಥ್‌ಇಂಡಿಯಾ ನಡೆಯಿತು. ಈಗ ಹ್ಯಾಕಥಾನ್ ನಡೆಸದ ಎಂಜಿನಿಯರಿಂಗ್ ಕಾಲೇಜನ್ನು ಹುಡುಕಬೇಕಾಗುತ್ತದೆ.

ಬ್ಲಾಕ್‌ಚೈನ್ ಎಂದರೆ ಬಿಟ್‌ಕಾಯಿನ್, ಬಿಟ್‌ಕಾಯಿನ್ ಎಂದರೆ ಜೂಜು ಎಂಬ ತೀರ್ಮಾನಕ್ಕೆ ನಮ್ಮ ಮಧ್ಯಮ ವರ್ಗ ಬಂದು ಬಹಳ ದಿನಗಳಾದವು. ಅದರಲ್ಲಿ ತಪ್ಪೇನೂ ಇಲ್ಲ. ರಿಸರ್ವ್ ಬ್ಯಾಂಕಿನ 2018ರ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದುಪಡಿಸಿದ್ದು, 2022ರ ಬಜೆಟ್ಟಿನಲ್ಲಿ ಲಾಭದ ಮೇಲೆ ಶೇ 30ರ ತೆರಿಗೆ ಬಂದದ್ದು ಎಲ್ಲವೂ ಆ ಜೂಜಿನ ಕತೆಯೇ. ಆದರೆ ನಾಣ್ಯವನ್ನು ಬದಿಗಿಟ್ಟು ನೋಡಿದರೆ ಉಳಿಯುವುದು ಒಂದು ಲೆಕ್ಕದ ಪುಸ್ತಕ. ತಾಲ್ಲೂಕು ಕಚೇರಿಯ ಪರಿಭಾಷೆಯಲ್ಲಿ ಹೇಳುವುದಾದರೆ, ಒಂದು ವಹಿ.

ಹೊಸ ವಹಿಯೊಂದನ್ನು ಬಳಕೆಗೆ ತರುವ ಮುನ್ನ ಪುಟಗಳಿಗೆ ಸಂಖ್ಯೆ ಹಾಕಿ, ‘ಈ ಪುಸ್ತಕದಲ್ಲಿ ಇಷ್ಟು ಪುಟಗಳಿವೆ’ ಎಂದು ಮೊದಲ ಪುಟದಲ್ಲಿ ದೃಢೀಕರಿಸಿ ಸಹಿ ಹಾಕಬೇಕಿತ್ತು. ನಡುವಿನ ಹಾಳೆ ಹರಿದರೆ ಗೊತ್ತಾಗಲಿ ಎಂಬುದೇ ಇದರ ಉದ್ದೇಶ. ಬ್ಲಾಕ್‌ಚೈನ್ ಇದನ್ನೇ ಗಣಿತದ ಮೂಲಕ ಮಾಡುತ್ತದೆ. ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದ ಸಾರವನ್ನು ಒಂದು ಸಂಕೇತಸಂಖ್ಯೆಯಾಗಿ ಬರೆದಿಟ್ಟಿರುತ್ತದೆ. ಹಳೆಯ ಪುಟದಲ್ಲಿ ಒಂದಕ್ಷರ ತಿದ್ದಿದರೂ ಆ ಸಂಖ್ಯೆ ಬದಲಾಗಿ, ಮುಂದಿನ ಪುಟಗಳೆಲ್ಲವೂ ತಾಳೆ ತಪ್ಪುತ್ತವೆ. ಅದೇ ವಹಿಯ ಪ್ರತಿ ಹಲವರ ಕೈಯಲ್ಲಿರುವುದರಿಂದ ಒಬ್ಬ ಗುಮಾಸ್ತನನ್ನು ಒಲಿಸಿಕೊಂಡರೆ ಕೆಲಸವಾಗದು. ಈ ವಿಚಾರ ಹ್ಯಾಬರ್ ಮತ್ತು ಸ್ಟೊರ್ನೆಟ್ಟಾ ಎಂಬ ಇಬ್ಬರು ಸಂಶೋಧಕರಿಗೆ 1991ರಷ್ಟು ಹಿಂದೆಯೇ ಹೊಳೆದಿತ್ತು. ಅವರ ಸಂಸ್ಥೆ 1995ರಿಂದ ವಾರಕ್ಕೊಮ್ಮೆ ಆ ಸಂಕೇತಸಂಖ್ಯೆಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ಪ್ರಕಟಿಸತೊಡಗಿತು. ಲಕ್ಷಾಂತರ ಮನೆ ಸೇರಿದ ಪತ್ರಿಕೆಯನ್ನು ಯಾರು ತಾನೆ ತಿದ್ದಬಲ್ಲರು? ಹಳೆಯ ಪತ್ರಿಕೆಗಳನ್ನು ತೂಕಕ್ಕೆ ಹಾಕುವ ಮುನ್ನ ಓದುಗರು ಈ ಸಂಗತಿಯನ್ನೊಮ್ಮೆ ನೆನೆದರೆ ನನಗೆ ಸಂತೋಷ. 2008ರಲ್ಲಿ ಸತೋಶಿ ನಕಮೊಟೊ ಎಂಬ ಗುಪ್ತನಾಮದ ವ್ಯಕ್ತಿ ಬಿಟ್‌ಕಾಯಿನ್ ಪ್ರಬಂಧ ಬರೆದಾಗ ಇವರಿಬ್ಬರನ್ನು ಉಲ್ಲೇಖಿಸಿದ್ದುಂಟು.

ಇರಲಿ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ತಂಡಗಳು ತಮ್ಮ ಕೆಲಸ ತೋರಿಸತೊಡಗಿದವು. ನಿದ್ದೆಗೆಟ್ಟ ಕಣ್ಣುಗಳು, ಬೆಂಚಿನ ಮೇಲೆ ಆರಿದ ಚಹಾದ ಲೋಟಗಳು. ಪರದೆಯ ಮೇಲೆ ಮಾತ್ರ ಎಲ್ಲವೂ ಅಚ್ಚುಕಟ್ಟು. ಗುಂಡಿ ಒತ್ತಿದರೆ ಸರ್ವೆ ನಂಬರ್ ಬರುತ್ತದೆ, ಮತ್ತೊಂದು ಗುಂಡಿ ಒತ್ತಿದರೆ ಜಮೀನು ಮಾರಾಟವಾಗುತ್ತದೆ, ದಾಖಲೆ ‘ಎಂದೆಂದಿಗೂ ಬದಲಾಗದಂತೆ’ ಸರಪಳಿ ಸೇರುತ್ತದೆ. ಒಂದು ತಂಡದ ಹುಡುಗ ಬಹಳ ಹೆಮ್ಮೆಯಿಂದ, ‘ಇನ್ನು ಮುಂದೆ ತಹಸೀಲ್ದಾರರೇ ಬೇಕಾಗಿಲ್ಲ ಸರ್’ ಎಂದ. ಸಭೆ ನಕ್ಕಿತು, ನಾನೂ ನಕ್ಕೆ. ‘ಮೊದಲ ನಮೂದು ಸುಳ್ಳಾಗಿದ್ದರೆ?’ ಎಂದು ಕೇಳಿದೆ. ಹುಡುಗ ಉತ್ತರಿಸಲಿಲ್ಲ.

ಆ ಪ್ರಶ್ನೆ ಪಾಂಡಿತ್ಯ ಪ್ರದರ್ಶನಕ್ಕಾಗಿ ಕೇಳಿದ್ದಲ್ಲ. 1989ರಲ್ಲಿ, ಸೇವೆಗೆ ಸೇರಿದ ಹೊಸತರಲ್ಲಿ, ನಾನೇ ಅಂಥದೊಂದು ನಮೂದಿಗೆ ಸಹಿ ಹಾಕಿದ್ದೆ. ಪೌತಿ ಖಾತೆ ಶಿಬಿರ ನಡೆಯುತ್ತಿತ್ತು. ತೀರಿಕೊಂಡವರ ಹೆಸರಿನಲ್ಲೇ ಉಳಿದ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವ ಕೆಲಸ. ಶಾಲೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಒಂದೇ ದಿನ ನೂರಕ್ಕೂ ಹೆಚ್ಚು ಪ್ರಕರಣ ಮುಗಿಸಿದೆವು. ಅವುಗಳಲ್ಲೊಂದರ ವಂಶವೃಕ್ಷದಲ್ಲಿ ಇಬ್ಬರು ಗಂಡುಮಕ್ಕಳ ಹೆಸರಿತ್ತು. ಪಂಚರ ಸಹಿಯಿತ್ತು, ನೋಟಿಸಿನ ಅವಧಿ ಕಳೆದಿತ್ತು, ತಕರಾರು ಬಂದಿರಲಿಲ್ಲ. ಕಡತ ನಿರ್ದುಷ್ಟವಾಗಿತ್ತು. ಎಂಟು ತಿಂಗಳ ಬಳಿಕ ಮೊದಲ ಹೆಂಡತಿಯ ಮಗಳು ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಕಚೇರಿಗೆ ಬಂದಳು. ಆಕೆಯನ್ನು ದೂರದ ಊರಿಗೆ ಕೊಟ್ಟಿದ್ದರು. ಗ್ರಾಮದ ಚಾವಡಿಯ ಗೋಡೆಗೆ ಅಂಟಿಸಿದ ನೋಟಿಸನ್ನು ಆಕೆ ಓದುವುದು ಹೇಗೆ? ‘ನಾನು ಅವರ ಮಗಳಲ್ಲವೇ ಸ್ವಾಮಿ?’ ಎಂದಷ್ಟೇ ಕೇಳಿದಳು. ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಿಕೊಳ್ಳಮ್ಮ ಎಂದು ಕಾನೂನುಬದ್ಧವಾದ ಉತ್ತರ ಕೊಟ್ಟೆ. ಮರು ಬೇಸಗೆಯಲ್ಲಿ ನನಗೆ ವರ್ಗವಾಯಿತು. ಆಕೆ ಮೇಲ್ಮನವಿ ಸಲ್ಲಿಸಿದಳೋ ಇಲ್ಲವೋ, ನಾನು ವಿಚಾರಿಸಲಿಲ್ಲ.

ನನ್ನ ಆ ಸಹಿ ಬ್ಲಾಕ್‌ಚೈನಿನಲ್ಲಿದ್ದಿದ್ದರೆ ಇನ್ನೂ ಭದ್ರವಾಗಿರುತ್ತಿತ್ತು. ದಾಖಲೆಯನ್ನು ಅದು ಬರೆದಂತೆಯೇ ಕಾಪಾಡುವುದಷ್ಟೇ ಈ ತಂತ್ರಜ್ಞಾನದ ಕೆಲಸ. ಬರೆದದ್ದು ನಿಜವೇ ಎಂದು ಅದು ವಿಚಾರಣೆ ಮಾಡುವುದಿಲ್ಲ. ನಮ್ಮ ಕಾನೂನು ಈ ವ್ಯತ್ಯಾಸವನ್ನು ಬಲ್ಲದು. 1908ರ ನೋಂದಣಿ ಕಾಯ್ದೆಯಡಿ ನೋಂದಣಿಯಾಗುವುದು ಪತ್ರವೇ ಹೊರತು ಹಕ್ಕಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮು ಪಹಣಿಯ ನಮೂದನ್ನು ‘ವಿರುದ್ಧವಾದುದು ಸಾಬೀತಾಗುವವರೆಗೆ’ ಮಾತ್ರ ನಿಜವೆಂದು ಭಾವಿಸುತ್ತದೆ. ಈ ‘ವರೆಗೆ’ ಎಂಬ ಪದದಲ್ಲಿ ಎಷ್ಟೋ ವಿಧವೆಯರ, ಹೆಣ್ಣುಮಕ್ಕಳ, ಗೇಣಿದಾರರ ಜೀವ ನಿಂತಿದೆ. ಕಾನೂನೇ ಬದಲಾಗುವುದೂ ಉಂಟು. ಒಟ್ಟುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಸಮಪಾಲು ನೀಡಿದವು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು.

ಬದಲಾಗದ ಸರಪಳಿಯೂ ಬದಲಾದದ್ದುಂಟು ಎಂಬುದನ್ನು ಬಹಳ ವಿದ್ಯಾರ್ಥಿಗಳು ಓದಿರಲಿಲ್ಲ. 2016ರ ಜೂನ್‌ನಲ್ಲಿ ಈಥೀರಿಯಂ ಮೇಲಿದ್ದ ‘ದಿ ಡಿಎಒ’ ಎಂಬ ನಿಧಿಯ ತಂತ್ರಾಂಶದ ದೋಷವನ್ನು ಬಳಸಿ ಯಾರೋ ಸುಮಾರು 36 ಲಕ್ಷ ಈಥರ್ ನಾಣ್ಯಗಳನ್ನು ಎಳೆದುಕೊಂಡರು. ‘ತಂತ್ರಾಂಶವೇ ಕಾನೂನು’ ಎನ್ನುತ್ತಿದ್ದವರು ಒಂದು ತಿಂಗಳು ಜಗಳವಾಡಿ, ಜುಲೈ 20ರಂದು ಆ ವರ್ಗಾವಣೆಯನ್ನು ನಿಷ್ಫಲಗೊಳಿಸಿದರು. ಒಪ್ಪದವರು ಹಳೆಯ ಸರಪಳಿಯನ್ನೇ ಹಿಡಿದು ‘ಈಥೀರಿಯಂ ಕ್ಲಾಸಿಕ್’ ಎಂದು ಬೇರೆಯಾದರು. ಥೇಟ್ ನಮ್ಮ ಅಣ್ಣತಮ್ಮಂದಿರ ಪಾಲುಪಟ್ಟಿಯಂತೆಯೇ! ತುರ್ತು ಬಂದಾಗ ಅಲ್ಲಿಯೂ ಮನುಷ್ಯರು ಕುಳಿತು ತೀರ್ಪು ಕೊಡಬೇಕಾಯಿತು.

ಭೂದಾಖಲೆಯ ಅನುಭವವೂ ಇದನ್ನೇ ಹೇಳುತ್ತದೆ. 2015ರಲ್ಲಿ ಹೊಂಡುರಾಸ್ ದೇಶದ ಭೂದಾಖಲೆಯನ್ನು ಬ್ಲಾಕ್‌ಚೈನಿಗೆ ಏರಿಸುವುದಾಗಿ ಅಮೆರಿಕದ ಕಂಪನಿಯೊಂದು ಘೋಷಿಸಿತು. ಯೋಜನೆ ಮುಂದೆ ಸಾಗಲಿಲ್ಲ. 2016ರಲ್ಲಿ ಜಾರ್ಜಿಯಾ ದೇಶ ಕೈಹಾಕಿದ್ದು ಫಲಿಸಿತು. ಆದರೆ ಜಾರ್ಜಿಯಾದ ನೋಂದಣಿ ಇಲಾಖೆ ಅದಕ್ಕೂ ಮೊದಲೇ ಸುಧಾರಣೆಗೊಂಡು ಹೆಸರು ಮಾಡಿತ್ತು. ಮನೆ ಗುಡಿಸಿ ಬೀಗ ಹಾಕುವುದಕ್ಕೂ, ಕಸದ ಮೇಲೆಯೇ ಬೀಗ ಜಡಿಯುವುದಕ್ಕೂ ಅಂತರವಿದೆ.

ನಮ್ಮ ‘ಭೂಮಿ’ ಯೋಜನೆಯನ್ನೇ ನೋಡಿ. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಸುಮಾರು 9,000 ಗ್ರಾಮಲೆಕ್ಕಿಗರ ಚೀಲಗಳಿಂದ ಹೊರಬಂದು 2000ದ ದಶಕದ ಆರಂಭದಲ್ಲಿ ಗಣಕಯಂತ್ರ ಸೇರಿದವು. 15 ರೂಪಾಯಿಗೆ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ದಾಖಲೆ ತಿದ್ದುವ ನೌಕರ ಬೆರಳಚ್ಚು ಒತ್ತಿ ಒಳಹೋಗುವ ವ್ಯವಸ್ಥೆ ಬಂತು. ಮಾಡಿದ್ದು ಯಾರೆಂಬುದು ಆಗಲೇ ದಾಖಲಾಗುತ್ತಿತ್ತು. ಅದರ ಯಶಸ್ಸನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೈಬರಹದ ಪಹಣಿಯಲ್ಲಿದ್ದ ತಪ್ಪುಗಳು ಮುದ್ರಿತ ಅಕ್ಷರದ ಗಾಂಭೀರ್ಯ ಪಡೆದದ್ದನ್ನೂ ಕಂಡಿದ್ದೇನೆ. ‘ಕಂಪ್ಯೂಟರಿನಲ್ಲೇ ಹೀಗೆ ಬಂದಿದೆ’ ಎಂಬ ಮಾತಿನೆದುರು ರೈತ ಮೊದಲಿಗಿಂತ ಹೆಚ್ಚು ಅಸಹಾಯಕನಾಗುತ್ತಿದ್ದ. ನಾಳೆ ‘ಬ್ಲಾಕ್‌ಚೈನಿನಲ್ಲೇ ಹೀಗಿದೆ’ ಎಂದರೆ?

ಇನ್ನೊಂದು ಸಂಗತಿ. ಪರಸ್ಪರ ನಂಬದವರು ಒಂದೇ ವಹಿಯನ್ನು ಹಂಚಿಕೊಳ್ಳುವುದಕ್ಕೆ ಹುಟ್ಟಿದ್ದು ಈ ತಂತ್ರಜ್ಞಾನ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟಿಸಿದ ‘ವಿಶ್ವಸ್ಯ’ ವೇದಿಕೆಯ ಯಂತ್ರಗಳು ಭುವನೇಶ್ವರ, ಪುಣೆ, ಹೈದರಾಬಾದ್‌ಗಳಲ್ಲಿವೆ. ಮೂರೂ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವೇ. ಒಂದೇ ಮನೆಯ ಮೂರು ಕೋಣೆಗಳಲ್ಲಿ ಮೂರು ಪ್ರತಿ ಇಟ್ಟಂತೆ. ಕಳವಿನಿಂದ ರಕ್ಷಣೆ ಸಿಗಬಹುದು, ಮನೆಯ ಯಜಮಾನನಿಂದ ಸಿಗುವುದೆಂದು ಹೇಳಲಾರೆ. ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ಒಂದು ಸಹಕಾರ ಸಂಘದಲ್ಲಿ, ಒಂದು ನ್ಯಾಯಾಲಯದಲ್ಲಿ ಇರಬಾರದೇಕೆ? ಈ ಪ್ರಶ್ನೆಯನ್ನು ಎತ್ತಿದ್ದು ಆ ದಿನ ಒಂದೇ ತಂಡ.

ಆ ತಂಡದ ಹುಡುಗಿಯೊಬ್ಬಳ ಬಗ್ಗೆ ಹೇಳಬೇಕು. ಮೂರನೆಯ ವರ್ಷದ ವಿದ್ಯಾರ್ಥಿನಿ. ಅವರ ಪರದೆ ನೋಡಲು ಚೆನ್ನಾಗಿರಲಿಲ್ಲ, ಎರಡು ಬಾರಿ ಕೈಕೊಟ್ಟಿತು. ಆದರೆ ಪ್ರತಿ ನಮೂದಿನ ಪಕ್ಕ ‘ತಕರಾರು’ ಎಂಬ ಅಂಕಣವಿತ್ತು. ತಪ್ಪು ನಮೂದು ಅಳಿಯುವುದಿಲ್ಲ. ಅದರ ಮೇಲೆ ತಿದ್ದುಪಡಿ, ತಿದ್ದಿದವರ ಹೆಸರು, ಆದೇಶದ ಸಂಖ್ಯೆ ಸೇರುತ್ತವೆ. ಹಿಂದೆ ತಪ್ಪು ನಮೂದಿಗೆ ಸುತ್ತು ಹಾಕಿ, ಅಕ್ಷರ ಕಾಣುವಂತೆಯೇ ಉಳಿಸಿ, ಪಕ್ಕದಲ್ಲಿ ಸಹಿ ಮಾಡುತ್ತಿದ್ದುದು ನೆನಪಾಯಿತು. ‘ಇದು ನಿನಗೆ ಹೇಗೆ ಹೊಳೆಯಿತಮ್ಮ?’ ಎಂದೆ. ‘ನಮ್ಮಜ್ಜಿ ಹೆಸರು ಪಹಣಿಯಲ್ಲಿ ಇಲ್ಲ ಸರ್. ಬಿಟ್ಟುಹೋಗಿದೆ’ ಎಂದಳು. ಮುಂದೆ ಕೇಳುವ ಧೈರ್ಯ ನನಗಾಗಲಿಲ್ಲ.

ಮೊದಲ ಬಹುಮಾನ ಬೇರೆ ತಂಡಕ್ಕೆ ಹೋಯಿತು. ಇತರ ತೀರ್ಪುಗಾರರು ತಂತ್ರಜ್ಞರು, ಅವರ ಕಾರಣಗಳು ಅವರಿಗಿದ್ದವು. ನನ್ನ ಆಕ್ಷೇಪ ಬಹುಮಾನದ ಬಗೆಗಲ್ಲ, ಬಹುಮಾನದ ಮರುದಿನದ ಬಗೆಗೆ. ಆ ದಿನ ಬರೆದ ಎಲ್ಲ ತಂತ್ರಾಂಶವೂ ‘ಮುಕ್ತ’ ಎಂದು ಗಿಟ್‌ಹಬ್ ಸೇರಿತು. ಯಾರು ಬೇಕಾದರೂ ಬಳಸಬಹುದೆಂಬ ಪರವಾನಗಿ ಪತ್ರವನ್ನೇ ಎಷ್ಟೋ ತಂಡಗಳು ಸೇರಿಸಿರಲಿಲ್ಲ. ಅದಿಲ್ಲದೆ ಮುಕ್ತ ಎನ್ನುವುದಕ್ಕೆ ಕಾನೂನಿನಲ್ಲಿ ಅರ್ಥವಿಲ್ಲ. ತಿಂಗಳ ಬಳಿಕ ಕುತೂಹಲದಿಂದ ನೋಡಿದರೆ ಬಹುತೇಕ ಕಡೆ ಆ ಭಾನುವಾರದ ನಂತರ ಒಂದು ಸಾಲೂ ಸೇರಿರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಪರಿಚಿತ ಸಮಸ್ಯೆ. ಮುಕ್ತ ತಂತ್ರಾಂಶ ಊರೊಟ್ಟಿನ ಕೆರೆಯಂಥದು. ಕಟ್ಟಿಸಿದವರ ಹೆಸರು ಶಾಸನದಲ್ಲಿರುತ್ತದೆ. ಹೂಳೆತ್ತುವವರ, ತೂಬು ನೋಡಿಕೊಳ್ಳುವ ನೀರಗಂಟಿಯ ಹೆಸರು ಎಲ್ಲಿಯೂ ಇರುವುದಿಲ್ಲ. 2014ರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾದಾಗ, ಅಂತರಜಾಲದ ಬಹುಪಾಲು ಭದ್ರತೆ ನಿಂತಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರವೆಂದು ಜಗತ್ತಿಗೆ ತಿಳಿಯಿತು. 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಝಡ್’ ಎಂಬ ಸಣ್ಣ ತಂತ್ರಾಂಶದೊಳಗೆ ಕಳ್ಳಬಾಗಿಲು ಪತ್ತೆಯಾಯಿತು. ಅದನ್ನು ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದ ಒಬ್ಬನೇ ವ್ಯಕ್ತಿ ಬಳಲಿದ್ದಾಗ, ಸಹಾಯಕ್ಕೆಂದು ಬಂದು ವರ್ಷಗಟ್ಟಲೆ ನಂಬಿಕೆ ಗಳಿಸಿದವನೇ ಅದನ್ನಿರಿಸಿದ್ದ. ‘ಭೂಮಿ’ ಇಂದಿಗೂ ಬದುಕಿರುವುದು ಅದನ್ನು ದಿನನಿತ್ಯ ನೋಡಿಕೊಳ್ಳುವ ಸಂಬಳದ ನೌಕರರು ಇರುವುದರಿಂದ.

ಆದ್ದರಿಂದ ಸಂಘಟಕರಿಗೆ ಒಂದು ಪತ್ರ ಬರೆದೆ. ಬಹುಮಾನದ ಅರ್ಧ ಹಣವನ್ನು ಆರು ತಿಂಗಳು ತಡೆಹಿಡಿಯಿರಿ. ಅಷ್ಟರಲ್ಲಿ ಕೆಲಸ ಮುಂದುವರಿಸಿದ ತಂಡಕ್ಕೆ ಕೊಡಿ. ಹೊಸದನ್ನು ಕಟ್ಟುವವರಿಗೆ ಇರುವಂತೆ, ಈಗಾಗಲೇ ಇರುವ ತಂತ್ರಾಂಶದ ದೋಷ ಹುಡುಕಿ ತಿದ್ದುವವರಿಗೂ ಒಂದು ಬಹುಮಾನವಿರಲಿ. ಸ್ಪರ್ಧೆಗೆ ಮುನ್ನ ಒಂದು ದಿನ ಮಕ್ಕಳನ್ನು ತಾಲ್ಲೂಕು ಕಚೇರಿಯ ಕಟಕಟೆಯ ಈಚೆಬದಿಯಲ್ಲಿ, ಅರ್ಜಿದಾರರ ಸಾಲಿನಲ್ಲಿ, ನಿಲ್ಲಿಸಿ. ಪರಿಶೀಲಿಸುತ್ತೇವೆ ಎಂದು ಉತ್ತರ ಬಂದಿದೆ. ಆ ಪದವನ್ನು ಸೇವೆಯುದ್ದಕ್ಕೂ ನಾನೂ ಬಳಸಿದವನೇ.

ಕಳೆದ ತಿಂಗಳು ಆ ಹುಡುಗಿ ಫೋನ್ ಮಾಡಿದ್ದಳು. ಅವರ ತಂಡದಲ್ಲಿ ಇಬ್ಬರು ಬಿಟ್ಟುಹೋಗಿದ್ದಾರೆ, ಇಬ್ಬರು ಉಳಿದಿದ್ದಾರೆ. ಹಳೆಯ ತಕರಾರು ವಹಿಯ ನಮೂನೆ ಬೇಕು, ಯಾವ ಅಂಕಣದಲ್ಲಿ ಏನು ಬರೆಯುತ್ತಿದ್ದಿರಿ ಹೇಳಿ ಸರ್ ಎಂದಳು. ಕೈಯಲ್ಲೇ ಗೆರೆ ಎಳೆದು, ಅಂಕಣಗಳ ಹೆಸರು ಬರೆದು ಕಳುಹಿಸಿದೆ. ಅವಳ ಅಜ್ಜಿಯ ಮೇಲ್ಮನವಿ ಇನ್ನೂ ಉಪವಿಭಾಗಾಧಿಕಾರಿಯವರ ಮುಂದಿದೆಯಂತೆ. ಮುಂದಿನ ವಿಚಾರಣೆಗೆ ದಿನ ಕೊಟ್ಟಿದ್ದಾರೆ.